ನೋಡದೆ ಕಟ್ಟಿದ ಗಂಟು

ಕೈ ನೋಡಿಕೊಂಡು ಹೂ ಕಟ್ಟುವವಳನ್ನು ನಮ್ಮ ಶಂಕರಪುರದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಕೊಯ್ದ ಮಲ್ಲಿಗೆಯ ಮೊಗ್ಗನ್ನು ಬಾಳೆನಾರಿಗೆ ಸೇರಿಸುವಾಗ ಕಣ್ಣು ರಸ್ತೆಯ ಮೇಲಿರಬೇಕು, ಕಿವಿ ಪಕ್ಕದ ಮನೆಯ ಸುದ್ದಿಯ ಮೇಲಿರಬೇಕು, ಬಾಯಿ ಯಾರನ್ನಾದರೂ ತಮಾಷೆ ಮಾಡುತ್ತಿರಬೇಕು. ಕೈ ಅದರ ಪಾಡಿಗೆ ಕಟ್ಟುತ್ತಾ ಹೋಗಬೇಕು. ಎಂಟು ವರ್ಷಕ್ಕೇ ನಾನು ಹಾಗೆ ಕಟ್ಟಲು ಕಲಿತಿದ್ದೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎದುರಿಗೆ ಪುಸ್ತಕ ತೆರೆದಿಟ್ಟು ಪ್ರಮೇಯ ಬಾಯಿಪಾಠ ಮಾಡುತ್ತಲೇ ಒಂದು ಚೆಂಡು ಮಲ್ಲಿಗೆ ಕಟ್ಟಿ ಮುಗಿಸುತ್ತಿದ್ದೆ. ಅಮ್ಮ ಇದನ್ನು ಬಂದವರೆದುರು ಹೋದವರೆದುರು ಹೇಳಿಕೊಳ್ಳುತ್ತಿದ್ದರು. ನನಗೆ ಜಂಬ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಬೇಕಾದಷ್ಟು ಬಂದಿತ್ತು.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು ಎಂಬತ್ತರ ದಶಕದ ನಡುವೆ. ನಮ್ಮ ಶಾಲೆಯವರಿಗೆ ಪರೀಕ್ಷಾ ಕೇಂದ್ರ ಉಡುಪಿಯಲ್ಲಿತ್ತು. ನನ್ನ ಪಕ್ಕದ ಡೆಸ್ಕಿನಲ್ಲಿ ನನ್ನ ಗೆಳತಿ. ಕಾಪುವಿನ ಬ್ಯಾರಿ ಮುಸ್ಲಿಮರ ಮನೆಯವಳು, ಅಪ್ಪ ದುಬೈಯಲ್ಲಿ, ಮನೆಯಲ್ಲಿ ಅಮ್ಮ ಮತ್ತು ಎಲ್ಲದಕ್ಕೂ ಕೊನೆಯ ಮಾತು ಹೇಳುವ ಅಜ್ಜಿ. ಅವಳಿಗೆ ಟೀಚರಾಗುವ ಆಸೆ. ಅಪ್ಪ ಕಾಗದ ಬರೆದಿದ್ದರು: ಒಂದೇ ಸಲಕ್ಕೆ ಪಾಸಾದರೆ ಉಡುಪಿಯ ಕಾಲೇಜಿಗೆ ಹೋಗಲಿ, ಇಲ್ಲದಿದ್ದರೆ ಅಜ್ಜಿ ಹೇಳಿದ ಹಾಗೆ. ಅಜ್ಜಿ ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಮನೆಯೊಂದರ ಮಾತಲ್ಲ ಇದು, ನಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಇದೇ ಕಾನೂನು. ಫೇಲಾದವಳಿಗೆ ಎರಡನೇ ಸಲ ಫೀಸು ಕಟ್ಟಿದ್ದನ್ನು ನಾನು ಕಂಡಿಲ್ಲ.

ಬೇರೆ ಎಲ್ಲದರಲ್ಲೂ ಅವಳು ಸರಿಯೇ. ಲೆಕ್ಕ ಮಾತ್ರ ದೇವರಿಗೇ ಪ್ರೀತಿ. ನನಗೆ ಲೆಕ್ಕವೆಂದರೆ ಬಾಳೆಹಣ್ಣು ಸುಲಿದಷ್ಟು ಸುಲಭ. ಅದಕ್ಕೇ ಇಡೀ ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. "ಎಂತ ಬಿಟ್ರೂ ಗ್ರಾಫ್ ಬಿಡ್ಬೇಡ ಮಾರಾಯ್ತಿ. ಅದು ಖಂಡಿತ ಬರ್ತದೆ. ಆರು ಮಾರ್ಕು, ಕೈಯಲ್ಲಿ ಕಾಸು ಇದ್ದ ಹಾಗೆ," ಎಂದು ಎಷ್ಟು ಸಲ ಹೇಳಿದ್ದೆನೋ. ಗ್ರಾಫನ್ನು ಅವಳು ಕಲಿತಳು. ಪೆನ್ಸಿಲ್ ಚೂಪು ಮಾಡಿ ಉಸಿರು ಬಿಗಿಹಿಡಿದು ಅವಳು ಎಳೆಯುವ ಗೆರೆ ನನ್ನದಕ್ಕಿಂತ ಚಂದವಿರುತ್ತಿತ್ತು.

ಆಗ ಪರೀಕ್ಷೆಯಲ್ಲಿ ಉತ್ತರ ಬರೆದ ಹೆಚ್ಚುವರಿ ಹಾಳೆಗಳನ್ನು, ಗ್ರಾಫ್ ಹಾಳೆಯನ್ನು ಮುಖ್ಯ ಪುಸ್ತಿಕೆಯ ಜೊತೆ ಬಿಳಿ ದಾರದಲ್ಲಿ ಕಟ್ಟಿ ಕೊಡಬೇಕಿತ್ತು. ದಾರದ ತುಂಡನ್ನು ಅವರೇ ಕೊಡುತ್ತಿದ್ದರು. ತೂತು ಇಲ್ಲದ ಹಾಳೆಗೆ ನಾವು ಕೈವಾರದ ಮೊನೆಯಿಂದ ಚುಚ್ಚಿಕೊಳ್ಳುತ್ತಿದ್ದೆವು. ಮೊದಲ ದಿನ ಕನ್ನಡ ಪರೀಕ್ಷೆಯಲ್ಲೇ ನನ್ನ ಕೈಯ ವೇಗವನ್ನು ನಮ್ಮ ಕೋಣೆಯ ಮೇಲ್ವಿಚಾರಣೆಗೆ ಬಂದಿದ್ದ ಟೀಚರು ಗಮನಿಸಿದ್ದರು. ಬೇರೆ ಶಾಲೆಯವರು, ಒಳ್ಳೆಯವರು, ಸ್ವಲ್ಪ ಗಾಬರಿಯ ಹೆಂಗಸು. ಗಣಿತದ ದಿನ ಎಚ್ಚರಿಕೆಯ ಗಂಟೆ ಬಾರಿಸಿದರೂ ಅರ್ಧ ಕೋಣೆ ಇನ್ನೂ ಬರೆಯುತ್ತಲೇ ಇತ್ತು. ನಾನು ಬರೆದು ಮುಗಿಸಿ ಸುಮ್ಮನೆ ಕೂತಿದ್ದೆ.

"ನೀನು ಶಂಕರಪುರದವಳಲ್ವಾ? ಈ ಸಾಲಿನವರದ್ದು ಸ್ವಲ್ಪ ಕಟ್ಟಿಕೊಡು, ಬೇಗ," ಎಂದರು.

ಕೇಳಬೇಕೇ! ಎದ್ದೆ. ಒಬ್ಬಳದು ಕಟ್ಟಿದೆ, ಎರಡನೆಯವಳದು ಕಟ್ಟಿದೆ, ಮೂರನೆಯವಳದು ಕಟ್ಟುವಾಗ ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಗಿ ಬೇಕೆಂದೇ ಕಣ್ಣನ್ನು ಕಿಟಕಿಯ ಹೊರಗಿಟ್ಟೆ. ಗೆಳತಿಯ ಸರದಿ ಬಂದಾಗ ಕೊನೆಯ ಗಂಟೆ ಬಡಿಯಿತು. ಡೆಸ್ಕಿನ ಮೇಲಿದ್ದ ಅವಳ ಹಾಳೆಗಳನ್ನು ಒಟ್ಟು ಮಾಡಿ, ಕೈವಾರದಿಂದ ಚುಚ್ಚಿ, ದಾರ ಹಾಕಿ ಎಳೆದು ಗಂಟು ಬಿಗಿದು ಟೀಚರ ಕೈಗೆ ಕೊಟ್ಟೆ. ಉಳಿದ ಮಡಿಸಿದ ಹಾಳೆಯನ್ನು, "ಇಗೋ ನಿನ್ನ ಪ್ರಶ್ನೆಪತ್ರಿಕೆ," ಎಂದು ಅವಳ ಜಾಮೆಟ್ರಿ ಪೆಟ್ಟಿಗೆಗೆ ತುರುಕಿದೆ. ಆ ಟೀಚರು ನನ್ನ ಬೆನ್ನು ತಟ್ಟಿದರು. ನಾನು ಜಂಬದ ಕೋಳಿಯ ಹಾಗೆ ಹೊರಗೆ ಬಂದೆ.

ಹೊರಗೆ ಗೋಳಿಮರದ ಕೆಳಗೆ ಆಗಲೇ ಗೌಜಿ ಶುರುವಾಗಿತ್ತು. ಅಬ್ಬಬ್ಬಾ, ಗಣಿತ ಪರೀಕ್ಷೆ ಮುಗಿದ ಮೇಲಿನ ಆ ಅರ್ಧ ಗಂಟೆಯ ಮಜಾ ಬೇರೆ ಯಾವುದರಲ್ಲೂ ಇಲ್ಲ. ನಾಲ್ಕು ಶಾಲೆಯ ಮಕ್ಕಳು ಒಂದೇ ಕಡೆ ಸೇರಿ ಒಂದೇ ಸಮನೆ ಕೂಗುತ್ತಿದ್ದರು.

"ಶಂಕುವಿನ ಘನಫಲ ಎಷ್ಟು ಬಂತು?"

"ನಾನೂರ ಅರವತ್ತೆರಡು!"

"ಹೌದಾ? ನನಗೆ ಸಾವಿರದ ಮುನ್ನೂರ ಎಂಬತ್ತಾರು ಬಂತಲ್ಲ!"

"ಮೂರರಿಂದ ಭಾಗಿಸ್ಲಿಕ್ಕೆ ಮರೆತಿದ್ದಿ. ಅದು ಶಂಕು ಅಲ್ಲ, ಸಿಲಿಂಡರ್ ಆಯ್ತು!"

"ಅಯ್ಯೋ ದೇವರೇ!"

ಕಾಫಿಯೂ ಬೇಡ, ಚಹಾವೂ ಬೇಡ ಎನ್ನುವವರು ಎಷ್ಟು ಮಂದಿ ಎಂಬ ಗಣಗಳ ಲೆಕ್ಕಕ್ಕೆ ದೊಡ್ಡ ಜಗಳವೇ ಆಯಿತು. ಒಬ್ಬ ಹದಿನೈದು ಎನ್ನುತ್ತಾನೆ, ಇನ್ನೊಬ್ಬ ಐದು ಎನ್ನುತ್ತಾನೆ. ನಾನು ನಡುವೆ ನುಗ್ಗಿ, "ಐವತ್ತು ಮಂದಿ. ಕಾಫಿ ಮೂವತ್ತು, ಚಹಾ ಇಪ್ಪತ್ತೈದು, ಎರಡೂ ಕುಡಿಯುವವರು ಹತ್ತು. ಹಾಗಾದ್ರೆ ಎಂತ ಉಳೀತು? ಐದು! ಇಷ್ಟು ಗೊತ್ತಾಗುದಿಲ್ವಾ?" ಎಂದು ತೀರ್ಪು ಕೊಟ್ಟೆ. ಹದಿನೈದರವನು ಮುಖ ಸಣ್ಣ ಮಾಡಿ ಬೇರೆ ಗುಂಪಿಗೆ ಹೋದ. ನನಗೆ ಬಂದ ಖುಷಿಯನ್ನು ಹೇಗೆ ಹೇಳಲಿ! ಸರಿಯುತ್ತರ ಬರೆದದ್ದಕ್ಕಿಂತ ಬೇರೆಯವರೆದುರು ಸರಿಯುತ್ತರ ಹೇಳುವುದರಲ್ಲೇ ಹೆಚ್ಚು ರುಚಿ.

"ಗ್ರಾಫಿನ ಉತ್ತರ ಎಂತ?" ಯಾರೋ ಕೇಳಿದರು.

"ನಾಲ್ಕು, ಮೂರು," ಎಂದಳು ನನ್ನ ಗೆಳತಿ, ನನಗಿಂತ ಮೊದಲು. ಅವಳ ಮುಖ ಅರಳಿತ್ತು. "ನನಗೂ ಬಂತು. ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿದ್ದೇನೆ, ನೋಡು," ಎಂದು ಪೆಟ್ಟಿಗೆ ತೆರೆದು ಆ ಮಡಿಸಿದ ಹಾಳೆಯನ್ನು ಬಿಡಿಸಿದಳು.

ಒಳಗೆ ಸಣ್ಣ ಸಣ್ಣ ಚೌಕಗಳು. ಎರಡು ಗೆರೆಗಳು ಒಂದನ್ನೊಂದು ದಾಟಿದ ಕಡೆ ಒಂದು ಚುಕ್ಕೆ, ಅದರ ಪಕ್ಕ ದುಂಡಗಿನ ಅಕ್ಷರದಲ್ಲಿ ನಾಲ್ಕು, ಮೂರು.

ಪ್ರಶ್ನೆಪತ್ರಿಕೆಯನ್ನು ಉತ್ತರದ ಜೊತೆ ಕಟ್ಟಿ, ಗ್ರಾಫನ್ನು ಅವಳ ಕೈಗೆ ಕೊಟ್ಟಿದ್ದೆ. ಎರಡೂ ಮಡಿಸಿದ ಹಾಳೆ, ಎರಡರ ಹಿಂಬದಿಯೂ ಖಾಲಿ, ನೋಡಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ನಾನು ನೋಡಿರಲಿಲ್ಲ. ನನ್ನ ಕಣ್ಣು ಕಿಟಕಿಯ ಹೊರಗಿತ್ತು!

ಸುದ್ದಿ ಗೊತ್ತಾದದ್ದೇ ನಾನು ಕಟ್ಟಿಕೊಟ್ಟ ಉಳಿದವರೆಲ್ಲ "ಅಯ್ಯಯ್ಯೋ ನನ್ನದು! ನನ್ನದು!" ಎಂದು ಚೀಲ ಕೊಡವಿ ತಮ್ಮ ತಮ್ಮ ಪ್ರಶ್ನೆಪತ್ರಿಕೆ ಹುಡುಕಿಕೊಂಡರು. ಅವರದೆಲ್ಲ ಸರಿಯಿತ್ತು. ತಪ್ಪಿದ್ದು ಅವಳದೊಂದೇ, ಇಡೀ ಕೋಣೆಯಲ್ಲಿ ಒಂದು ಮಾರ್ಕೂ ಕಳೆದುಕೊಳ್ಳಲಾಗದವಳದು.

ಅವಳ ಕೈ ಹಿಡಿದು ಓಡಿದೆ. ಓಡಿದ್ದಲ್ಲ, ಎಳೆದುಕೊಂಡು ಹೋದೆ. ಆಫೀಸಿನ ಜಗಲಿಯಲ್ಲಿ ಅರಗು ಕರಗಿಸುವ ವಾಸನೆ. ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಿದ್ದರು. ನಮ್ಮ ಕೋಣೆಯ ಕಟ್ಟು ಇನ್ನೂ ಆ ಟೀಚರ ಕೈಯಲ್ಲೇ ಇತ್ತು. ಮೇಜಿನ ಹಿಂದೆ ದಪ್ಪ ಕನ್ನಡಕದ ಮುಖ್ಯ ಮೇಲ್ವಿಚಾರಕರು ಕೂತಿದ್ದರು.

"ಸರ್, ಗ್ರಾಫ್ ಹೊರಗೆ ಬಂದಿದೆ, ಪ್ರಶ್ನೆಪತ್ರಿಕೆ ಒಳಗೆ ಹೋಗಿದೆ ಸರ್!" ಒಂದೇ ಉಸಿರಿನಲ್ಲಿ ಹೇಳಿದೆ.

"ಯಾರದ್ದು?"

"ಇವಳದ್ದು. ಆದ್ರೆ ಸರ್, ಕಟ್ಟಿದ್ದು..."

"ನಾನೇ ಸರ್," ಎಂದಳು ಗೆಳತಿ. "ನಾನೇ ಕಟ್ಟಿದ್ದು. ಗಡಿಬಿಡಿಯಲ್ಲಿ ನೋಡ್ಲಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕೈಯನ್ನು ಹಿಚುಕಿದಳು. ಆ ಟೀಚರ ಮುಖದಲ್ಲಿ ರಕ್ತವಿರಲಿಲ್ಲ. ಮೇಲ್ವಿಚಾರಕರು ಗ್ರಾಫ್ ಹಾಳೆಯನ್ನು ತೆಗೆದುಕೊಂಡು ಕನ್ನಡಕ ಸರಿಮಾಡಿ ನೋಡಿದರು. ನನಗೆ ಜೀವ ಬಂದ ಹಾಗಾಯಿತು.

"ನಾಲ್ಕು, ಮೂರು. ಉತ್ತರ ಸರಿ ಉಂಟು. ಗೆರೆಯೂ ಚಂದ ಎಳೆದಿದ್ದಿ," ಎಂದು ಹಾಳೆಯನ್ನು ಅವಳಿಗೇ ಹಿಂದೆ ಕೊಟ್ಟರು. "ಆದ್ರೆ ಹೊರಗೆ ಹೋದ ಕಾಗದವನ್ನು ಒಳಗೆ ತಗೊಳ್ಳುವ ಹಾಗಿಲ್ಲಮ್ಮ. ಇವತ್ತು ನಿನ್ನದು ತಗೊಂಡ್ರೆ ನಾಳೆ ಮನೆಯಲ್ಲಿ ಬರೆದು ತರುವವರು ಬರ್ತಾರೆ. ಹೋಗಿ ಮುಂದಿನ ಪರೀಕ್ಷೆಗೆ ಓದಿಕೊಳ್ಳಿ."

ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸರಿ ಉಂಟು ಎಂದು ಬಾಯಲ್ಲಿ ಹೇಳುವವರಿಗೆ ಆರು ಮಾರ್ಕು ಕೊಡಲು ಏನು ಸಂಕಟ? ಈಗ ಯೋಚಿಸಿದರೆ ಅವರು ಮಾಡಿದ್ದು ನ್ಯಾಯ. ಆದರೆ ಅಂದಿನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಗೇಟಿನ ಹತ್ತಿರ ಬಂದು ಅವಳನ್ನೇ ತರಾಟೆಗೆ ತೆಗೆದುಕೊಂಡೆ. "ನಾನೇ ಕಟ್ಟಿದ್ದು ಅಂತ ಯಾಕೆ ಹೇಳಿದ್ದು ನೀನು? ಮರ್ಲುಂಟಾ ನಿನಗೆ?"

"ಟೀಚರ ಮುಖ ನೋಡಿದ್ಯಾ? ಮಕ್ಕಳ ಕೈಯಲ್ಲಿ ಕಟ್ಟಿಸಿದ್ದು ಅಂತ ಗೊತ್ತಾದ್ರೆ ಅವರ ಕೆಲಸಕ್ಕೇ ತೊಂದರೆ. ಅದರಿಂದ ನನಗೆ ಆರು ಮಾರ್ಕು ಬರ್ತದಾ?"

ಅದನ್ನು ಕೇಳಿದ್ದೇ ನನಗೆ ಅಳು ಬಂತು. ಸಣ್ಣ ಅಳುವಲ್ಲ. ಶಾಲೆಯ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ದಾರಿಯುದ್ದಕ್ಕೂ ಬೊಬ್ಬೆ ಹಾಕಿಕೊಂಡೇ ಹೋದೆ. ಫೇಲಾಗಲಿರುವವಳು ಪಾಪ ನನ್ನ ಚೀಲ ಹೊತ್ತುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದಳು.

ಮಂಗಳೂರು ಕಡೆಯ ಬಸ್ಸು ಹತ್ತಿ ಕೂತ ಮೇಲೆ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಹಿಂದಿನ ಸೀಟಿನಿಂದ ಬಗ್ಗಿ ಹೇಳಿದಳು: "ಅಳುದೆಂತಕ್ಕೆ? ಗ್ರಾಫ್ ಬಿಟ್ಟು ಉಳಿದದ್ದು ಎಷ್ಟು ಬರ್ತದೆ ಅಂತ ಕೂಡಿಸುವ. ಮೂವತ್ತೈದು ಬಂದ್ರೆ ಸಾಕಲ್ವಾ?"

ಮೂಗು ಒರೆಸಿಕೊಂಡೆ. ಹೌದಲ್ಲ! ಮೂವತ್ತೈದು ಸಾಕು. ನನ್ನ ಪ್ರಶ್ನೆಪತ್ರಿಕೆ ತೊಡೆಯ ಮೇಲೆ ಬಿಡಿಸಿದೆ. ಆ ಹಾಳಾದ ಗ್ರಾಫ್ ಹಾಳೆಯ ಹಿಂಬದಿಯಲ್ಲೇ ಪೆನ್ಸಿಲಿನಿಂದ ಮಾರ್ಕು ಬರೆಯುತ್ತಾ ಹೋದೆ. ನಾನು ಉತ್ತರ ಹೇಳುವುದು, ಅವಳು ತಾನು ಬರೆದದ್ದನ್ನು ಹೇಳುವುದು, ಹಿಂದಿನವರು ಸರಿಯೋ ತಪ್ಪೋ ಎಂದು ಕಿರುಚುವುದು. ಬಿಟ್ಟ ಸ್ಥಳ ತುಂಬುವುದರಲ್ಲಿ ಹನ್ನೊಂದು ಸರಿ. ಪ್ರಮೇಯ ಪೂರ್ತಿ ಬರೆದಿದ್ದಳು, ಐದು. ಶಂಕು ಮೂರು.

"ಮೂರರಿಂದ ಭಾಗಿಸಿದ್ದೀ ಅಲ್ವಾ? ಸರಿಯಾಗಿ ನೆನಪು ಮಾಡು!"

"ಭಾಗಿಸಿದ್ದೇನೆ. ನಾನೂರ ಅರವತ್ತೆರಡು."

"ಹತ್ತೊಂಬತ್ತು!" ಎಂದು ಕೂಗುವಾಗ ಬಸ್ಸು ಉದ್ಯಾವರದ ಸೇತುವೆಯ ಮೇಲಿತ್ತು. ಟಿಕೆಟ್ಟಿಗೆ ಬಂದ ಕಂಡಕ್ಟರ್ ನಿಂತು ಕೇಳಿದ, "ಎಂತ ಮಾರಾಯ್ರೆ ಇದು, ಕ್ರಿಕೆಟ್ಟಾ?" ಒಬ್ಬಳು ಕಥೆ ಹೇಳಿದಳು. ಆಮೇಲೆ ಅವನು ಪ್ರತಿ ಸ್ಟಾಪಿನಲ್ಲಿ ಜನ ಇಳಿಸಿ, ಸೀಟಿ ಊದಿ, "ಸ್ಕೋರ್ ಎಷ್ಟಾಯ್ತು?" ಎಂದು ಕೇಳತೊಡಗಿದ. ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಹೆಂಗಸಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಸಂಗತಿ ಅರ್ಥವಾಗಿತ್ತು. "ಆಗ್ತದೆ ಮಗಾ, ಆಗ್ತದೆ, ಹೆದರ್ಬೇಡ," ಎಂದು ಗೆಳತಿಯ ತಲೆ ಸವರಿದರು.

ಗಣಗಳು ನಾಲ್ಕು, ಇಪ್ಪತ್ತಮೂರು. ವರ್ಗ ಸಮೀಕರಣ ನಾಲ್ಕು, ಇಪ್ಪತ್ತೇಳು. ಶ್ರೇಢಿಯ ಮೊತ್ತ ಇನ್ನೂರ ಹತ್ತು ಎಂದಳು. ಸರಿಯೇ! ಅದಕ್ಕೂ ನಾಲ್ಕು. ಮೂವತ್ತೊಂದು.

"ಕಟಪಾಡಿ, ಕಟಪಾಡಿ!"

ನಾನು ಇಳಿಯಬೇಕಾದ ಜಾಗ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶಂಕರಪುರಕ್ಕೆ ಹೋಗಬೇಕು. ಅಮ್ಮ ಕಾಯುತ್ತಿರುತ್ತಾರೆ.

"ಇಳಿ ಮಾರಾಯ್ತಿ, ನಿನ್ನ ಸ್ಟಾಪ್," ಎಂದಳು ಗೆಳತಿ. "ಉಳಿದದ್ದನ್ನು ನಾನು ಮನೆಯಲ್ಲಿ ಕೂಡಿಸ್ತೇನೆ."

"ಇನ್ನು ನಾಲ್ಕು ಮಾರ್ಕು ಬೇಕು! ನಾನು ಇಳಿಯುದಿಲ್ಲ."

"ಇಳಿ ಅಂದೆನಲ್ಲ."

"ನೀನು ಪಾಸಾಗದೆ ನಾನು ಇಳಿಯುದಿಲ್ಲ!" ಎಂದು ಹೇಳುವಾಗ ಮತ್ತೆ ಅಳು ಬಂತು. ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರ್ "ರೈಟ್" ಎಂದ, ಬಸ್ಸು ಹೊರಟಿತು.

ಗೆಳತಿ ಒಂದು ಗಳಿಗೆ ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೇಳು, ಮುಂದಿನದ್ದು ಕೇಳು," ಎಂದಳು.

"ಲಸಾಅ ಕಂಡುಹಿಡಿಯುವುದು. ನನ್ನದು ಎಕ್ಸ್ ಮೈನಸ್ ಎರಡು ಇಂಟು ಎಕ್ಸ್ ಪ್ಲಸ್ ಮೂರು ಇಂಟು ಎಕ್ಸ್ ಮೈನಸ್ ಒಂದು. ನಿನ್ನದು?"

"ನನ್ನದೂ ಅಷ್ಟೇ."

ಮೂರು. ಮೂವತ್ತನಾಲ್ಕು! ಒಂದೇ ಒಂದು ಮಾರ್ಕು! ಹಿಂದಿನ ಸೀಟಿನವರು ಎದ್ದೇ ನಿಂತರು. ಚಕ್ರಬಡ್ಡಿಯ ಲೆಕ್ಕದ ಉತ್ತರ ಹೇಳಿದೆ. "ನನ್ನದೂ ಅಷ್ಟೇ," ಎಂದಳು. ಮೂವತ್ತೆಂಟು! ಬಸ್ಸಿನಲ್ಲಿ ಎದ್ದ ಬೊಬ್ಬೆಗೆ ಡ್ರೈವರ್ ಹಿಂತಿರುಗಿ ನೋಡಿದ. ಕಂಡಕ್ಟರ್ ಸೀಟಿಯನ್ನು ಸುಮ್ಮಸುಮ್ಮನೆ ಮೂರು ಸಲ ಊದಿದ. ವೃತ್ತಕ್ಕೆ ಸ್ಪರ್ಶಕ ಎಳೆಯುವ ರಚನೆ, ಅದನ್ನವಳು ಸೆಂಟಿಮೀಟರ್ ಸಮೇತ ವಿವರಿಸಿದಳು. ನಲವತ್ತೆರಡು. ತ್ರಿಕೋನಮಿತಿ ಅರ್ಧ ಮಾಡಿದ್ದೇನೆ ಎಂದಳು. ನಲವತ್ತನಾಲ್ಕು. ಕಾಪುವಿನಲ್ಲಿ ಇಬ್ಬರೂ ಇಳಿದೆವು. ಬುಟ್ಟಿಯ ಹೆಂಗಸು ಕಿಟಕಿಯಿಂದ ಕೈ ಬೀಸಿದರು. ನಾನು ಅವಳ ಮನೆಯವರೆಗೂ ಹೋಗಿ ಅವಳ ಅಮ್ಮನೆದುರು, ಜಗಲಿಯಲ್ಲಿ ಕೂತಿದ್ದ ಅಜ್ಜಿಗೂ ಕೇಳುವ ಹಾಗೆ, "ನಲವತ್ತನಾಲ್ಕು ಖಂಡಿತ. ಕಾಲೇಜಿಗೆ ತಯಾರಿ ಮಾಡಿ!" ಎಂದು ಘೋಷಿಸಿದೆ. ಅವರು ಕೊಟ್ಟ ತುಪ್ಪದ ರೊಟ್ಟಿ ತಿಂದು, ಇನ್ನೊಂದು ಬಸ್ಸು ಹಿಡಿದು ಮನೆಗೆ ಬಂದು, ತಡವಾದದ್ದಕ್ಕೆ ಅಮ್ಮನಿಂದ ಬೈಗುಳ ತಿಂದು, ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ರಜೆಯಲ್ಲಿ ಮಲ್ಲಿಗೆ ರಾಶಿ ರಾಶಿ ಬಿಟ್ಟಿತ್ತು. ಎರಡು ಮದುವೆಗೆ ಹೋದೆ, ಹಲಸಿನ ಹಣ್ಣು ತಿಂದೆ, ಗ್ರಾಫಿನ ವಿಷಯ ಮರೆತೇಬಿಟ್ಟೆ. ಫಲಿತಾಂಶ ಬಂದ ದಿನ ಅಂಗಡಿಯ ಪೇಪರಿನಲ್ಲಿ ನನ್ನ ನಂಬರಿಗಿಂತ ಮೊದಲು ಅವಳ ನಂಬರನ್ನು ಹುಡುಕಿದೆ. ಇತ್ತು! ಅಂಗಡಿಯೆದುರೇ ಕುಣಿದೆ. ನಮ್ಮ ಲೆಕ್ಕ ಎಂದಾದರೂ ತಪ್ಪುತ್ತದೆಯೇ!

ಅಂಕಪಟ್ಟಿ ಕೊಡುವ ದಿನ ಶಾಲೆಯ ಆಫೀಸಿನ ಕಿಟಕಿಯೆದುರು ಇಬ್ಬರೂ ಸೇರಿದೆವು. ಅವಳು ತನ್ನದನ್ನು ತೆಗೆದುಕೊಂಡವಳೇ ಮಡಿಸಿದಳು. ನಾನು ಕಿತ್ತುಕೊಂಡು ಬಿಡಿಸಿದೆ. ಗಣಿತ, ಮೂವತ್ತೈದು.

"ಎಂತ ಇದು? ಒಂಬತ್ತು ಮಾರ್ಕು ಎಲ್ಲಿ ಹೋಯ್ತು?" ಎಂದು ಅಲ್ಲೇ ಕೂಗಿದೆ. "ಸರ್, ಮರುಎಣಿಕೆಗೆ ಹಾಕ್ಲಿಕ್ಕೆ ಅರ್ಜಿ ಎಲ್ಲಿ ಸಿಗ್ತದೆ? ನಲವತ್ತನಾಲ್ಕು ಬರ್ಬೇಕು ಇವಳಿಗೆ. ನಾನೇ ಕೂಡಿಸಿದ್ದೇನೆ!"

ಗೆಳತಿ ನನ್ನನ್ನು ಕಿಟಕಿಯಿಂದ ದೂರ, ಜಗಲಿಯ ತುದಿಗೆ ಎಳೆದುಕೊಂಡು ಹೋದಳು.

"ಹಾಕ್ಬೇಡ. ಅವರು ಸರಿಯಾಗಿಯೇ ಕೊಟ್ಟಿದ್ದಾರೆ. ಲಸಾಅ ನಾನು ಮಾಡ್ಲೇ ಇಲ್ಲ. ಬಡ್ಡಿಯ ಲೆಕ್ಕವೂ ಇಲ್ಲ. ತ್ರಿಕೋನಮಿತಿಯ ಪ್ರಶ್ನೆ ಓದಿಯೂ ಇಲ್ಲ."

"ಮತ್ತೆ ಬಸ್ಸಿನಲ್ಲಿ ನನ್ನದೂ ಅಷ್ಟೇ ಅಂದದ್ದು?"

"ನೀನು ಹೇಳಿದ ಉತ್ತರಕ್ಕೆ ಹೌದು ಅಂದೆ, ಅಷ್ಟೇ. ಕಟಪಾಡಿಯಲ್ಲಿ ಮೂವತ್ತೊಂದಾಗಿತ್ತು. ಇನ್ನು ನಾನು ಬರೆದದ್ದು ಅಂತ ಉಳಿದದ್ದು ಸ್ಪರ್ಶಕದ ನಾಲ್ಕು ಮಾತ್ರ. ಎಲ್ಲ ಪೂರ್ತಿ ಕೊಟ್ರೆ ಮೂವತ್ತೈದು. ಎಲ್ಲಿಯಾದ್ರೂ ಒಂದು ಕಡಿದ್ರೆ ಮುಗೀತು. ಅದಕ್ಕೇ ಇಳಿ ಇಳಿ ಅಂದದ್ದು, ನೀನು ಇಳಿಯಲೇ ಇಲ್ಲ."

ನಾನು ಮದುವೆಯೂಟ ಉಣ್ಣುತ್ತಿದ್ದ ಆ ಎರಡು ತಿಂಗಳೂ ಅವಳು ಆ ಮೂವತ್ತೈದನ್ನು ಒಬ್ಬಳೇ ಕೂಡಿಸುತ್ತಾ, ಯಾವ ಹೆಜ್ಜೆಯಲ್ಲಿ ಒಂದು ಕಡಿಯಬಹುದು ಎಂದು ಹುಡುಕುತ್ತಾ ಕೂತಿದ್ದಳು. ನಾನು ಅವಳ ಮನೆಯ ಜಗಲಿಯಲ್ಲಿ ಹೇಳಿಬಂದ ನಲವತ್ತನಾಲ್ಕನ್ನು ಅವಳ ಅಮ್ಮ ದಿನವೂ ಅವಳೆದುರು ಹೇಳಿ ಸಂತೋಷಪಡುತ್ತಿದ್ದರಂತೆ. ನಾಚಿಕೆ, ಸಿಟ್ಟು, ಪ್ರೀತಿ ಎಲ್ಲ ಒಟ್ಟಿಗೇ ಉಕ್ಕಿ ಬಂದು, ಏನು ಮಾಡಬೇಕೆಂದು ತೋಚದೆ, ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದೆ.

"ನನ್ನ ಹತ್ರ ಹೇಳ್ಬಾರದಿತ್ತಾ? ಅಷ್ಟು ದಿನ ಒಬ್ಬಳೇ ಹೆದರಿಕೊಂಡು..."

ಅವಳು ಬೆನ್ನು ಉಜ್ಜಿಕೊಳ್ಳುತ್ತಾ ನಕ್ಕಳು.

"ಒಬ್ಬಳು ಹೆದರಿದ್ರೆ ಸಾಕಲ್ವಾ ಮಾರಾಯ್ತಿ? ಇಬ್ಬರು ಯಾಕೆ?"